ಶೆಲ್ ಬದಲಿಸಿದರೆ ಸಾಲದು: ಸರ್ವರಿನ ಖಾತೆಗಳಿಗೆ ಕಟ್ಟುಪಾಡು ಹಾಕಿದ ನನ್ನ ಅನುಭವ

ಕಾಸರಗೋಡಿನಲ್ಲಿ ನಾನು ನೋಡಿಕೊಳ್ಳುವ ಸರ್ವರಿನಲ್ಲಿ ಮೂರು ಬಗೆಯ ಖಾತೆಗಳಿವೆ. ನೀರ್ಚಾಲು, ಪೆರ್ಲ, ಉಪ್ಪಳದ ಕಡೆಯಿಂದ ಪುಟ ಕಟ್ಟಿ ಪ್ರೆಸ್ಸಿಗೆ ಪಿಡಿಎಫ್ ಕಳಿಸುವವರದು ಒಂದು ಬಗೆ. ಮಂಜೇಶ್ವರದ ಕಂಪ್ಯೂಟರಿನಿಂದ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ರಾತ್ರಿ ಹೊತ್ತು ತಂದು ಹಾಕುವ ಬ್ಯಾಕಪ್ ಖಾತೆ ಇನ್ನೊಂದು. ಮೂರನೆಯದು ಲಿನಕ್ಸ್ ಕಲಿಯುವ ಮಕ್ಕಳದು. ಯಂತ್ರದಲ್ಲಿರುವುದು ಡೆಬಿಯನ್ 12, ದೂರದಿಂದ ಒಳಬರಲು ಅದರ ಜತೆಗೇ ಬಂದ ಓಪನ್‌ಎಸ್‌ಎಸ್‌ಎಚ್ 9.2. ಮೊದಲಿನ ಎರಡು ಬಗೆಯವರಿಗೆ ಕುಳಿತು ಕಮಾಂಡ್ ಒತ್ತುವ ಶೆಲ್ಲಿನ ಅಗತ್ಯವೇ ಇಲ್ಲ. ಮೂರನೆಯವರಿಗೆ ಬೇಕು, ಆದರೆ ಉಳಿದವರ ಫೈಲುಗಳ ಹತ್ತಿರ ಅವರು ಸುಳಿಯಬಾರದು.

ಈ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ‘ಯಾವ ಶೆಲ್ ಕೊಡಲಿ’ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಈ ಖಾತೆಯ ಹೆಸರಿನಲ್ಲಿ ಏನೇನು ಓಡಬಹುದು’ ಎಂದು. ದಣಪೆ ಹಾಕಿದೆವೆಂದು ತೋಟಕ್ಕೆ ದನ ಬರುವುದು ನಿಲ್ಲುವುದಿಲ್ಲ, ಅಗಳು ಎಲ್ಲಿ ಕುಸಿದಿದೆ ಎಂದು ಸುತ್ತ ನಡೆದು ನೋಡಬೇಕು. ಶೆಲ್ ಎಂಬುದು ದಣಪೆ ಮಾತ್ರ.

ಓದುವ ಅನುಕೂಲಕ್ಕೆ ಒಂದು ಮಾತು. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ, ಹೇಳದಿದ್ದರೆ ಸಣ್ಣಕ್ಷರವೇ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲಿನೊಳಗಿನ ಸೂಚನೆಯ ಹೆಸರುಗಳಿಗೆ ಮಾತ್ರ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ಅವುಗಳ ಮುಂದೆ ಬರುವ ಬೆಲೆಗಳಿಗೆ ಇದೆ.

ಏಳನೆಯ ಅಂಕಣ

/ಇಟಿಸಿ/ಪಾಸ್‌ಡಬ್ಲ್ಯುಡಿ ಫೈಲಿನ ಪ್ರತಿ ಸಾಲಿನಲ್ಲಿ ಕೋಲನ್‌ನಿಂದ ಬೇರ್ಪಟ್ಟ ಏಳು ಅಂಕಣಗಳಿವೆ. ಕೊನೆಯದು ಶೆಲ್. ‘ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ’ ಎಂದು ಕೊಟ್ಟು, ಮೂರನೆಯ ಅಂಕಣದ ಯುಐಡಿ 1000 ಅಥವಾ ಅದಕ್ಕಿಂತ ಹೆಚ್ಚಿರುವ ಸಾಲುಗಳನ್ನು ಒಂದೊಂದಾಗಿ ಓದಿ. ಏಳನೆಯ ಅಂಕಣ ಖಾಲಿ ಇದ್ದರೆ ಶೆಲ್ ಇಲ್ಲವೆಂದು ತಿಳಿಯಬೇಡಿ. ಖಾಲಿ ಎಂದರೆ /ಬಿನ್/ಎಸ್‌ಎಚ್, ಅಂದರೆ ಪೂರ್ತಿ ಶೆಲ್. ಕೈಯಾರೆ ತಿದ್ದಿದ ಹಳೆಯ ಫೈಲುಗಳಲ್ಲಿ ಇಂಥ ಸಾಲು ಸಿಗುತ್ತದೆ.

ಶೆಲ್ ತೆಗೆಯುವ ಕಮಾಂಡ್ ಇಷ್ಟೇ:

ಯೂಸರ್‌ಮಾಡ್ -ಎಸ್ /ಯುಎಸ್‌ಆರ್/ಎಸ್‌ಬಿನ್/ನೋಲಾಗಿನ್ ಪೆರ್ಲ1

ದಾರಿಯಲ್ಲಿ ಒಂದಕ್ಷರ ತಪ್ಪಿದರೆ ಖಾತೆ ಪೂರಾ ಮುಚ್ಚಿಹೋಗುತ್ತದೆ. ಕ್ರೂಟ್ (ಖಾತೆಯನ್ನು ಒಂದು ಫೋಲ್ಡರಿನೊಳಗೇ ಕಟ್ಟಿಹಾಕುವ ಏರ್ಪಾಡು) ಇಲ್ಲದ ಖಾತೆಗೆ, ಸರ್ವರಿನಲ್ಲಿ ಎಸ್‌ಎಸ್‌ಎಚ್ ಸಂಪರ್ಕ ನೋಡಿಕೊಳ್ಳುವ ಎಸ್‌ಎಸ್‌ಎಚ್‌ಡಿ ಆ ಶೆಲ್ ಫೈಲ್ ನಿಜವಾಗಿ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ‘ಶೆಲ್ ಡಸ್ ನಾಟ್ ಎಕ್ಸಿಸ್ಟ್’ ಎಂದು ಲಾಗಿನಲ್ಲಿ ಬರೆದು ಒಳಬಿಡುವುದಿಲ್ಲ. ಅತ್ತ ಕಡೆಯವರಿಗೆ ಕಾಣುವುದು ಪಾಸ್‌ವರ್ಡ್ ತಪ್ಪು ಎಂಬಂಥ ಸಂದೇಶ. ಆಗ ಪಾಸ್‌ವರ್ಡ್ ಬದಲಿಸುತ್ತಾ ಕೂರದೆ ‘ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್’ ಓದಿ. ಡೆಬಿಯನ್ 12ರಲ್ಲಿ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಹಾಗಾಗಿ ಹಳೆಯ ಆತ್.ಲಾಗ್ ಫೈಲನ್ನು ಹುಡುಕಿದರೆ ಸಿಗಲಿಕ್ಕಿಲ್ಲ.

ನೋಲಾಗಿನ್ ಹಾಕಿದ ಮೇಲೆ ಆ ಖಾತೆಯವರು ಎಸ್‌ಎಸ್‌ಎಚ್ ಮಾಡಿದರೆ ‘ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್’ ಎಂಬ ಒಂದು ಸಾಲು ಬಂದು ಸಂಪರ್ಕ ಕಡಿಯುತ್ತದೆ. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದು ಏಳುತ್ತಾರೆ. ನಾನು ಏಳಬೇಡಿ ಎನ್ನುವುದು ಇಲ್ಲೇ. ಉಪ್ಪಳದಲ್ಲಿ ಕುಳಿತು ಅದೇ ಖಾತೆಯಿಂದ ಹೀಗೆ ಕೊಡಿ, ಎನ್ ಮತ್ತು ಎಲ್ ದೊಡ್ಡಕ್ಷರ:

ಎಸ್‌ಎಸ್‌ಎಚ್ -ಎನ್ -ಎಲ್ 8080:192.168.1.1:80 ಪೆರ್ಲ1@ಸರ್ವರ್

ಯಾವ ಸಂದೇಶವೂ ಬರುವುದಿಲ್ಲ, ಕರ್ಸರ್ ಸುಮ್ಮನೆ ನಿಂತಿರುತ್ತದೆ. ಈಗ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 ತೆರೆದರೆ ಪ್ರೆಸ್ಸಿನ ರೂಟರಿನ ಲಾಗಿನ್ ಪುಟ ಉಪ್ಪಳದ ಪರದೆಯ ಮೇಲೆ ಕಾಣುತ್ತದೆ. ‘-ಎನ್’ ಎಂದರೆ ಅತ್ತ ಕಡೆ ಯಾವ ಕಮಾಂಡನ್ನೂ ಓಡಿಸಬೇಡ ಎಂದರ್ಥ. ಕಮಾಂಡ್ ಇಲ್ಲ, ಆದ್ದರಿಂದ ಶೆಲ್ ಏಳುವುದಿಲ್ಲ, ಆದ್ದರಿಂದ ನೋಲಾಗಿನ್‌ನ ಸರದಿಯೇ ಬರುವುದಿಲ್ಲ. ಪೋರ್ಟ್ ದಾಟಿಸುವ ಕೆಲಸವನ್ನು (ಫಾರ್ವರ್ಡಿಂಗ್) ಎಸ್‌ಎಸ್‌ಎಚ್‌ಡಿ ತಾನೇ ಮಾಡಿಕೊಡುತ್ತದೆ. ಸರ್ವರಿನೊಳಗೆ ಮಾತ್ರ ಕಿವಿಗೊಟ್ಟಿರುವ 3306ರ ಮಾರಿಯಾಡಿಬಿ, 25ರ ಅಂಚೆ ಸೇವೆ, ನೆಟ್‌ವರ್ಕಿನ ಪ್ರಿಂಟರ್, ಎಲ್ಲವೂ ಇದೇ ದಾರಿಯಲ್ಲಿ ಸಿಗುತ್ತವೆ. ಲೋಕಲ್‌ಹೋಸ್ಟಿನಿಂದ ಬಂದ ಅಂಚೆಯನ್ನು ಸರ್ವರ್ ನಂಬುವುದರಿಂದ ಸ್ಪ್ಯಾಮ್ ಕಳಿಸುವವರಿಗೆ ಇದು ಹಳೆಯ ಪರಿಚಿತ ದಾರಿ.

ಇದೊಂದೇ ಅಲ್ಲ. ಖಾತೆಯ ಹೆಸರಿನಲ್ಲಿ ಮೊದಲೇ ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕಮಾಂಡ್) ಇದ್ದರೆ ಅದು ನಡೆಯುತ್ತಲೇ ಇರುತ್ತದೆ, ಏಕೆಂದರೆ ಕ್ರಾನ್ ಏಳನೆಯ ಅಂಕಣವನ್ನು ನೋಡದೆ ತಾನಾಗಿ /ಬಿನ್/ಎಸ್‌ಎಚ್ ಬಳಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಅಂಚೆ ತಂತ್ರಾಂಶ ಇರುವ ಯಂತ್ರದಲ್ಲಿ ಹೋಮ್ ಫೋಲ್ಡರಿಗೆ ‘.ಫಾರ್ವರ್ಡ್’ ಎಂಬ ಫೈಲು ಏರಿಸಿ, ಅದರಲ್ಲಿ ಪೈಪ್ ಚಿಹ್ನೆ ಹಾಕಿ ಕಮಾಂಡ್ ಬರೆದರೆ, ಆ ಹೆಸರಿಗೆ ಒಂದು ಮೇಲ್ ಬಂದ ಕೂಡಲೇ ಕಮಾಂಡ್ ಓಡುತ್ತದೆ. ಅಂದರೆ ಫೈಲ್ ಏರಿಸುವ ಅನುಮತಿಯೊಂದೇ ಇದ್ದರೂ, ಏರಿಸುವ ಜಾಗ ಹೋಮ್ ಫೋಲ್ಡರೇ ಆಗಿದ್ದರೆ, ಶೆಲ್ ಕೊಟ್ಟಂತೆಯೇ ಆಯಿತು. ಹೋಮ್ ರೂಟ್‌ನ (ಯಂತ್ರದ ಮೇಲೆ ಪೂರ್ತಿ ಹಕ್ಕಿರುವ ಖಾತೆಯ) ಒಡೆತನದಲ್ಲಿರಲಿ, ಬರೆಯುವ ಜಾಗ ಅದರೊಳಗಿನ ಒಂದು ಫೋಲ್ಡರ್ ಆಗಿರಲಿ ಎಂಬ ನನ್ನ ನಿಯಮ ಹುಟ್ಟಿದ್ದು ಇಲ್ಲಿಂದ.

ಪುಟ ಕಳಿಸುವವರಿಗೆ ಎಸ್‌ಎಫ್‌ಟಿಪಿ ಮಾತ್ರ

ಎಸ್‌ಎಫ್‌ಟಿಪಿ ಎಂದರೆ ಎಸ್‌ಎಸ್‌ಎಚ್ ಸಂಪರ್ಕದಲ್ಲೇ ಫೈಲ್ ಕಳಿಸುವ ಕ್ರಮ. ‘ಕಡತ’ ಎಂಬ ಗುಂಪು ಮಾಡಿ ಈ ಖಾತೆಗಳನ್ನೆಲ್ಲ ಅದಕ್ಕೆ ಸೇರಿಸಿದ್ದೇನೆ. ಪ್ರತಿಯೊಬ್ಬರಿಗೂ /ಎಸ್‌ಆರ್‌ವಿ/ಕಡತ/ ಕೆಳಗೆ ಖಾತೆಯ ಹೆಸರಿನದೇ ಫೋಲ್ಡರ್, ಅದರೊಳಗೆ ‘ಒಳಗೆ’ ಎಂಬ ಇನ್ನೊಂದು ಫೋಲ್ಡರ್. ಹೊರಗಿನದು ರೂಟ್‌ನ ಒಡೆತನ, ಅನುಮತಿ 755. ಒಳಗಿನದು ಖಾತೆಯವರ ಒಡೆತನ, ಗುಂಪು ಪ್ರೆಸ್ಸಿನವರ ‘ಅಚ್ಚು’, ಅನುಮತಿ 2770. ಮುಂದಿರುವ 2ರಿಂದಾಗಿ ಅಲ್ಲಿ ಹುಟ್ಟುವ ಫೈಲುಗಳಿಗೆಲ್ಲ ‘ಅಚ್ಚು’ ಗುಂಪೇ ಅಂಟಿಕೊಳ್ಳುತ್ತದೆ. ಆಮೇಲೆ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲಿನ ಕಟ್ಟಕಡೆಗೆ ಇಷ್ಟು:

ಮ್ಯಾಚ್ ಗ್ರೂಪ್ ಕಡತ
ಕ್ರೂಟ್‌ಡೈರೆಕ್ಟರಿ /ಎಸ್‌ಆರ್‌ವಿ/ಕಡತ/%ಯು
ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ -ಡಿ /ಒಳಗೆ -ಯು 0027
ಡಿಸೇಬಲ್‌ಫಾರ್ವರ್ಡಿಂಗ್ ಯೆಸ್
ಅಲೌಟಿಸಿಪಿಫಾರ್ವರ್ಡಿಂಗ್ ನೋ
ಅಲೌಏಜೆಂಟ್‌ಫಾರ್ವರ್ಡಿಂಗ್ ನೋ
ಎಕ್ಸ್11ಫಾರ್ವರ್ಡಿಂಗ್ ನೋ
ಪರ್ಮಿಟ್‌ಟಿಟಿವೈ ನೋ
ಆಥರೈಸ್ಡ್‌ಕೀಸ್‌ಫೈಲ್ /ಇಟಿಸಿ/ಎಸ್‌ಎಸ್‌ಎಚ್/ಕೀಲಿ/%ಯು

ಡಿಸೇಬಲ್‌ಫಾರ್ವರ್ಡಿಂಗ್ ಒಂದಿದ್ದರೆ ಉಳಿದ ಮೂರು ಏಕೆ ಎಂದು ಕೇಳಬಹುದು. ಎಲ್ಲ ಬಗೆಯ ಫಾರ್ವರ್ಡಿಂಗನ್ನೂ ಅದು ಮುಚ್ಚುತ್ತದೆ ಎಂದು ಮ್ಯಾನ್ ಪುಟ ಹೇಳುತ್ತಿದ್ದರೂ, ಎಕ್ಸ್11 ಮತ್ತು ಏಜೆಂಟ್ ಫಾರ್ವರ್ಡಿಂಗನ್ನು ಅದು ಮುಚ್ಚುತ್ತಿರಲಿಲ್ಲ. 2025ರ ಓಪನ್‌ಎಸ್‌ಎಸ್‌ಎಚ್ 10.0ರಲ್ಲಿ ಅದನ್ನು ಸರಿಪಡಿಸಿದರು. ಒಂದೊಂದನ್ನೂ ಹೆಸರು ಹಿಡಿದು ಮುಚ್ಚಲು ಮೂರು ಸಾಲು ಹೆಚ್ಚು ಬರೆಯುವ ಶ್ರಮವಷ್ಟೇ.

‘ಮ್ಯಾಚ್’ ಶುರುವಾದ ಮೇಲೆ ಅದರ ಕೆಳಗಿನ ಪ್ರತಿ ಸಾಲೂ ಅದಕ್ಕೇ ಸೇರಿದ್ದು, ಮುಂದಿನ ಮ್ಯಾಚ್ ಬರುವವರೆಗೆ ಅಥವಾ ಫೈಲ್ ಮುಗಿಯುವವರೆಗೆ. ಸಾಲುಗಳನ್ನು ಒಳಸರಿಸಿ ಬರೆದರೆ ಕಣ್ಣಿಗೆ ಹಿತವೇ ಹೊರತು ಎಸ್‌ಎಸ್‌ಎಚ್‌ಡಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಫೈಲಿನ ತಳದಲ್ಲಿ ‘ಪಾಸ್‌ವರ್ಡ್‌ಆಥೆಂಟಿಕೇಶನ್ ನೋ’ ಸೇರಿಸಿ ಎಲ್ಲರಿಗೂ ಪಾಸ್‌ವರ್ಡ್ ನಿಂತಿತೆಂದುಕೊಂಡರೆ, ನಿಂತಿರುವುದು ‘ಕಡತ’ ಗುಂಪಿನವರಿಗೆ ಮಾತ್ರ. ಒಂದೇ ಸೂಚನೆ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದೇ ಊರ್ಜಿತ ಎಂಬುದನ್ನೂ ಮರೆಯಬಾರದು. ಡೆಬಿಯನ್ನಿನ ಫೈಲು ತಲೆಯಲ್ಲೇ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರನ್ನು ಓದಿಸುವುದರಿಂದ ಅಲ್ಲಿರುವ ತುಣುಕುಗಳಿಗೆ ಮೇಲುಗೈ.

ಯಾವ ಖಾತೆಗೆ ಕೊನೆಗೆ ಏನು ಅನ್ವಯವಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ‘ಎಸ್‌ಎಸ್‌ಎಚ್‌ಡಿ -ಟಿ -ಸಿ ಯೂಸರ್=ಪೆರ್ಲ1’ ಎಂದು ಕೊಟ್ಟರೆ, ಟಿ ಮತ್ತು ಸಿ ದೊಡ್ಡಕ್ಷರ, ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ ಫೋರ್ಸ್‌ಕಮಾಂಡ್, ಕ್ರೂಟ್‌ಡೈರೆಕ್ಟರಿ ಸಾಲುಗಳನ್ನು ಕಣ್ಣಾರೆ ನೋಡಿ. ಸಣ್ಣಕ್ಷರದ ‘-ಟಿ’ ಬರಿಯ ವ್ಯಾಕರಣ ತಪಾಸಣೆಗೆ. ಇವೆರಡೂ ಸರಿ ಬಂದ ಮೇಲೆಯೇ ‘ಸಿಸ್ಟಂಸಿಟಿಎಲ್ ರೀಲೋಡ್ ಎಸ್‌ಎಸ್‌ಎಚ್’. ಆ ಹೊತ್ತಿಗೆ ಇನ್ನೊಂದು ಟರ್ಮಿನಲ್ಲಿನಲ್ಲಿ ರೂಟ್ ಆಗಿ ಒಳಗಿರಬೇಕು, ಮೂರನೆಯದರಿಂದ ಹೊಸದಾಗಿ ಲಾಗಿನ್ ಆಗಿ ನೋಡುವವರೆಗೆ ಅದನ್ನು ಮುಚ್ಚಬಾರದು.

ಇಲ್ಲಿ ಆಗುವ ತೊಂದರೆಗಳಲ್ಲಿ ಮೊದಲನೆಯದು ಕ್ರೂಟ್ ಫೋಲ್ಡರಿನ ಒಡೆತನ. ಪಾಸ್‌ವರ್ಡ್ ಸರಿ ಎನ್ನುತ್ತದೆ, ಮರುಕ್ಷಣ ‘ಬ್ರೋಕನ್ ಪೈಪ್’ ಎಂದು ಕಡಿದು ಬೀಳುತ್ತದೆ. ಲಾಗಿನಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಕ್ರೂಟ್ ಡೈರೆಕ್ಟರಿ’ ಎಂದಿರುತ್ತದೆ. ಬೇರಿನಿಂದ (/) ಹಿಡಿದು ಆ ಫೋಲ್ಡರಿನವರೆಗೆ ದಾರಿಯ ಪ್ರತಿ ಮೆಟ್ಟಿಲೂ ರೂಟ್‌ನದಾಗಿರಬೇಕು, ಗುಂಪಿಗಾಗಲಿ ಇತರರಿಗಾಗಲಿ ಬರೆಯುವ ಹಕ್ಕಿರಬಾರದು. ‘ಮೇಲಿನ ಫೋಲ್ಡರಿನಲ್ಲಿ ಫೈಲ್ ಹಾಕಲು ಆಗುತ್ತಿಲ್ಲ’ ಎಂದು ಯಾರೋ ಫೋನ್ ಮಾಡಿದಾಗ, ಅವರಿಗೆ ಉಪಕಾರವಾಗಲೆಂದು 777 ಕೊಟ್ಟರೆ ಆ ಖಾತೆಯೇ ಒಳಬರದಂತಾಗುತ್ತದೆ. ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ಕ್ರೂಟ್ ಆದ ಮೇಲೆ ಆ ಫೋಲ್ಡರೇ ಅವರ ಪಾಲಿಗೆ ಬೇರು. ಅಲ್ಲಿ ಬರೆಯಬಹುದಾದರೆ ತಮ್ಮದೇ ‘ಇಟಿಸಿ’, ತಮ್ಮದೇ ‘ಲಿಬ್’ ಕಟ್ಟಿಟ್ಟು, ಹೆಚ್ಚಿನ ಹಕ್ಕಿನಲ್ಲಿ ಓಡುವ ಪ್ರೋಗ್ರಾಮಿಗೆ ಸುಳ್ಳು ಪಾಸ್‌ವರ್ಡ್ ಫೈಲ್ ಓದಿಸಬಹುದು.

ಎರಡನೆಯದು ನನಗೆ ತುಂಬ ಕಲಿಸಿದ್ದು. ಎಸ್‌ಎಫ್‌ಟಿಪಿ ಕ್ಲೈಂಟ್ ‘ರಿಸೀವ್ಡ್ ಮೆಸೇಜ್ ಟೂ ಲಾಂಗ್ 1416128883’ ಎಂದು ನಿಲ್ಲುತ್ತದೆ. ಆ ಅಂಕೆ ಕಂಡು ಫೈಲ್ ದೊಡ್ಡದಾಯಿತೆಂದು ತಿಳಿಯುವವರೇ ಹೆಚ್ಚು. ಅದು ಫೈಲಿನ ಗಾತ್ರವಲ್ಲ. ಎಸ್‌ಎಫ್‌ಟಿಪಿಯ ಮಾತುಕತೆಯಲ್ಲಿ ಪ್ರತಿ ಸಂದೇಶದ ಮೊದಲ ನಾಲ್ಕು ಬೈಟ್ ಆ ಸಂದೇಶದ ಉದ್ದ. ಇಲ್ಲಿ ಬಂದ ನಾಲ್ಕು ಬೈಟ್ 84, 104, 105, 115. ಅವು ಇಂಗ್ಲಿಷಿನ ಟಿ, ಎಚ್, ಐ, ಎಸ್ ಅಕ್ಷರಗಳು, ಅಂದರೆ ‘ದಿಸ್’. ನೋಲಾಗಿನ್ ಹೇಳುವ ‘ದಿಸ್ ಅಕೌಂಟ್’ ಎಂಬ ವಾಕ್ಯದ ಮೊದಲ ಪದವನ್ನೇ ಕ್ಲೈಂಟ್ ಉದ್ದದ ಅಂಕೆಯೆಂದು ಓದಿಬಿಟ್ಟಿದೆ. ಹೊರಗಿನ ಎಸ್‌ಎಫ್‌ಟಿಪಿ-ಸರ್ವರ್ ಪ್ರೋಗ್ರಾಮ್ ಬಳಸಿದಾಗ ಎಸ್‌ಎಸ್‌ಎಚ್‌ಡಿ ಅದನ್ನು ಖಾತೆಯ ಶೆಲ್ಲಿನ ಮೂಲಕ ಎಬ್ಬಿಸುತ್ತದೆ, ಅಲ್ಲಿ ನೋಲಾಗಿನ್ ಇದ್ದರೆ ಹೀಗಾಗುತ್ತದೆ. ‘ಇಂಟರ್ನಲ್-ಎಸ್‌ಎಫ್‌ಟಿಪಿ’ ಎಸ್‌ಎಸ್‌ಎಚ್‌ಡಿಯ ಒಳಗೇ ಇದೆ, ಶೆಲ್ಲನ್ನು ಕೇಳುವುದಿಲ್ಲ. ಅದಕ್ಕಾಗಿಯೇ ಮೇಲಿನ ಏರ್ಪಾಡಿನಲ್ಲಿ ನೋಲಾಗಿನ್ ಇಟ್ಟುಕೊಂಡೂ ಫೈಲ್ ಕಳಿಸಬಹುದು, ಕ್ರೂಟ್ ಒಳಗೆ ಲೈಬ್ರರಿಗಳನ್ನು ನಕಲು ಮಾಡಿಡುವ ಹಳೆಯ ಸರ್ಕಸ್ಸೂ ಬೇಕಿಲ್ಲ. ಅಂಕೆ ಬೇರೆ ಬಂದರೆ ಬೇರೇನೋ ಮುದ್ರಣವಾಗುತ್ತಿದೆ ಎಂದರ್ಥ. ಬ್ಯಾಶ್ ಇರುವ ಖಾತೆಯಾದರೆ ಸಾಮಾನ್ಯವಾಗಿ ‘.ಬ್ಯಾಶ್‌ಆರ್‌ಸಿ’ಯಲ್ಲಿ ಕುಳಿತಿರುವ ಒಂದು ‘ಎಕೋ’. ನಾಲ್ಕು ಬೈಟ್ ಬಿಡಿಸಿ ನೋಡಿದರೆ ಪದ ಸಿಗುತ್ತದೆ.

ಪಾಸ್‌ವರ್ಡಿನ ಬದಲು ಬಳಸುವ ಕೀಗಳನ್ನು ಇಟ್ಟಿರುವ ಕೀಲಿ ಫೋಲ್ಡರ್ ಹೋಮಿನ ಹೊರಗಿರುವುದರಿಂದ ಖಾತೆಯವರು ತಾವೇ ಹೊಸ ಕೀ ಸೇರಿಸಲಾರರು. ಆದರೆ ಆ ಫೈಲಿಗೆ 600 ಕೊಟ್ಟರೆ ಕೀ ಲಾಗಿನ್ ನಿಂತುಹೋಗುತ್ತದೆ, ಏಕೆಂದರೆ ಎಸ್‌ಎಸ್‌ಎಚ್‌ಡಿ ಅದನ್ನು ಆ ಖಾತೆಯ ಹಕ್ಕಿನಲ್ಲೇ ತೆರೆಯುತ್ತದೆ. ರೂಟ್ ಒಡೆತನ, ಅನುಮತಿ 644, ಫೋಲ್ಡರಿಗೆ 755. ಒಳಗಿರುವುದು ಸಾರ್ವಜನಿಕ ಕೀ, ಯಾರು ಓದಿದರೂ ಹಾನಿಯಿಲ್ಲ.

‘-ಯು 0027’ ಯುಮಾಸ್ಕ್, ಹೊಸ ಫೈಲಿಗೆ ಯಾವ ಹಕ್ಕು ಬೇಡವೆಂದು ಹೇಳುವ ಅಂಕೆ. ಯುಮಾಸ್ಕ್ ಹಕ್ಕನ್ನು ತೆಗೆಯಬಲ್ಲದು, ಸೇರಿಸಲಾರದು. ಕಳಿಸುವವರ ಲಿನಕ್ಸ್ ಯಂತ್ರದಲ್ಲಿ ಫೈಲಿಗೆ 600 ಇದ್ದರೆ ಇಲ್ಲಿಯೂ 600 ಆಗಿಯೇ ಇಳಿಯುತ್ತದೆ, ಪ್ರೆಸ್ಸಿನವರಿಗೆ ತೆರೆಯುವುದಿಲ್ಲ. ಸರಿಪಡಿಸಬೇಕಾದದ್ದು ಅತ್ತ ಕಡೆಯಲ್ಲಿ. ಸರ್ವರಿನಲ್ಲಿ ರೂಟ್ ಆಗಿ ಐದು ನಿಮಿಷಕ್ಕೊಮ್ಮೆ ಸಿಎಚ್‌ಮಾಡ್ ಓಡಿಸುವ ಸ್ಕ್ರಿಪ್ಟನ್ನು ನಾನು ಒಪ್ಪುವುದಿಲ್ಲ. ಇತರರು ಬರೆಯುವ ಫೋಲ್ಡರಿನಲ್ಲಿ ರೂಟ್ ಕೈಯಾಡಿಸಿದರೆ, ಕೊಂಡಿ ಹಾಕಿ ಅದನ್ನು ಬೇರೆ ಫೈಲಿನ ಕಡೆ ತಿರುಗಿಸಲು ದಾರಿಯಾಗುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ನಮ್ಮಲ್ಲಿ ಬಹಳ. ಎಕ್ಸ್ಟ್4ರಲ್ಲಿ ಫೈಲ್ ಹೆಸರಿನ ಮಿತಿ 255 ಅಕ್ಷರವಲ್ಲ, 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್, ಹಾಗಾಗಿ 85 ಸಂಕೇತ ಮಾತ್ರ. ಒತ್ತಕ್ಷರ, ಗುಣಿತ ಎಲ್ಲ ಬೇರೆಬೇರೆ ಲೆಕ್ಕ. ‘ಶ್ರೀಕೃಷ್ಣ’ ಕಣ್ಣಿಗೆ ಮೂರಕ್ಷರ, ಡಿಸ್ಕಿನಲ್ಲಿ ಒಂಬತ್ತು ಸಂಕೇತ, 27 ಬೈಟ್. ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ಊರು, ದಿನಾಂಕ ಎಲ್ಲ ಸೇರಿಸಿ ಹೆಸರಿಟ್ಟರೆ ಮಿತಿ ದಾಟುತ್ತದೆ, ಎಸ್‌ಎಫ್‌ಟಿಪಿ ‘ಬ್ಯಾಡ್ ಮೆಸೇಜ್’ ಎನ್ನುತ್ತದೆ. ಬರಿಯ ‘ಫೈಲ್ಯೂರ್’ ಎಂದರೆ ಮೊದಲು ಡಿಸ್ಕ್ ತುಂಬಿದೆಯೇ, ಕೋಟಾ ಮುಗಿದಿದೆಯೇ ನೋಡಿ.

ಹೊರಗಿನ ಹಾರ್ಡ್‌ಡಿಸ್ಕಿಗೆ ನೇರ ಇಳಿಸಬೇಕೆಂದರೆ ಕ್ರೂಟ್ ಫೋಲ್ಡರನ್ನೇ ಅದರ ಮೇಲೆ ಇಡಬೇಡಿ. ಎಕ್ಸ್‌ಫ್ಯಾಟ್ ಡಿಸ್ಕಿಗೆ ಯುನಿಕ್ಸ್ ಒಡೆತನ ಎಂಬುದಿಲ್ಲ, ಎಲ್ಲವೂ ಒಂದೇ ಅನುಮತಿಯಲ್ಲಿ ಕಾಣುತ್ತದೆ, ಅದು 777 ಆದರೆ ಕ್ರೂಟ್ ಬೀಳುತ್ತದೆ. ಒಳಗಿನಿಂದ ಡಿಸ್ಕಿಗೆ ಸಿಂಬಾಲಿಕ್ ಲಿಂಕ್ ಕೊಟ್ಟರೂ ಆಗದು, ಕ್ರೂಟ್‌ನ ಆಚೆಗೆ ಅದು ಬೆರಳು ತೋರಿಸುವುದಷ್ಟೇ, ಹೋಗಲಾಗುವುದಿಲ್ಲ. ‘ಮೌಂಟ್ --ಬೈಂಡ್’ ಬಳಸಿ ಒಳಗಿನ ಫೋಲ್ಡರಿಗೆ ಜೋಡಿಸಬೇಕು. ಮಳೆಗಾಲದಲ್ಲಿ ಇದಕ್ಕೊಂದು ಬಾಲವಿದೆ. ಕರೆಂಟ್ ಹೋಗಿ ಬಂದಾಗ ಸರ್ವರ್ ಏಳುತ್ತದೆ, ಯುಎಸ್‌ಬಿ ಡಿಸ್ಕ್ ಕೆಲವೊಮ್ಮೆ ಏಳುವುದಿಲ್ಲ. ಆಗ ಫೈಲುಗಳು ಮೌಂಟ್ ಆಗಬೇಕಾಗಿದ್ದ ಖಾಲಿ ಫೋಲ್ಡರಿಗೇ ಇಳಿದು ಒಳಗಿನ ಸಣ್ಣ ಡಿಸ್ಕ್ ತುಂಬುತ್ತದೆ. ಡಿಸ್ಕ್ ಬಿಚ್ಚಿರುವಾಗ ಆ ಖಾಲಿ ಫೋಲ್ಡರಿಗೆ ರೂಟ್ ಒಡೆತನ, 555 ಅನುಮತಿ ಕೊಟ್ಟಿಡಿ. ಡಿಸ್ಕ್ ಕುಳಿತಾಗ ಅದರ ಅನುಮತಿ ಕಾಣುತ್ತದೆ, ಕುಳಿತಿಲ್ಲದಾಗ ಯಾರೂ ಬರೆಯಲಾರರು. ಅಪ್‌ಲೋಡ್ ತಕ್ಷಣ ಸೋತರೆ ನಮಗೆ ಫೋನ್ ಬರುತ್ತದೆ, ಡಿಸ್ಕ್ ತುಂಬಿದರೆ ಎಲ್ಲವೂ ನಿಂತ ಮೇಲೆಯೇ ಗೊತ್ತಾಗುವುದು.

ಬ್ಯಾಕಪ್ ಖಾತೆ

ಮಂಜೇಶ್ವರದ ಯಂತ್ರ ಫೈಲ್ ನಕಲಿಗೆ ಆರ್‌ಸಿಂಕ್ ಎಂಬ ಪ್ರೋಗ್ರಾಮ್ ಬಳಸುತ್ತದೆ. ಆರ್‌ಸಿಂಕಿಗೆ ಅತ್ತ ಕಡೆ ಕಮಾಂಡ್ ಓಡಲೇಬೇಕು, ಹಾಗಾಗಿ ನೋಲಾಗಿನ್ ನಡೆಯುವುದಿಲ್ಲ. ಇಲ್ಲಿ ಕಟ್ಟು ಹಾಕುವುದು ಕೀ ಫೈಲಿನ ಸಾಲಿನಲ್ಲೇ:

ರಿಸ್ಟ್ರಿಕ್ಟ್,ಕಮಾಂಡ್="/ಯುಎಸ್‌ಆರ್/ಬಿನ್/ಆರ್‌ಆರ್‌ಸಿಂಕ್ -ಡಬ್ಲ್ಯುಒ -ನೋ-ಡೆಲ್ /ಎಸ್‌ಆರ್‌ವಿ/ಧ್ವನಿ"

ಇದರ ಮುಂದೆ ಒಂದು ಜಾಗ ಬಿಟ್ಟು ಕೀ. ಆರ್‌ಆರ್‌ಸಿಂಕ್ ಎಂದರೆ ಆರ್‌ಸಿಂಕನ್ನು ಒಂದೇ ಫೋಲ್ಡರಿಗೆ ಕಟ್ಟಿಹಾಕುವ ಸ್ಕ್ರಿಪ್ಟ್. ‘ರಿಸ್ಟ್ರಿಕ್ಟ್’ ಎಂಬ ಒಂದು ಪದ ಫಾರ್ವರ್ಡಿಂಗ್, ಟರ್ಮಿನಲ್, ಹೋಮಿನ ಎಸ್‌ಎಸ್‌ಎಚ್ ಆರ್‌ಸಿ ಫೈಲ್ ಎಲ್ಲವನ್ನೂ ಒಟ್ಟಿಗೆ ಮುಚ್ಚುತ್ತದೆ. 2016ರ 7.2 ಆವೃತ್ತಿಯಿಂದ ಇದೆ. ‘-ಡಬ್ಲ್ಯುಒ’ ಬರೆಯಲು ಮಾತ್ರ, ಓದಲು ಇಲ್ಲ. ‘-ನೋ-ಡೆಲ್’ ಅತ್ತ ಕಡೆಯಿಂದ ಅಳಿಸುವ ಆಯ್ಕೆಗಳನ್ನು ತಡೆಯುತ್ತದೆ. ಮಂಜೇಶ್ವರದಲ್ಲಿ ಯಾರೋ ಕೈತಪ್ಪಿ ಫೋಲ್ಡರ್ ಅಳಿಸಿದರೆ ಇಲ್ಲಿನ ಪ್ರತಿ ಉಳಿಯುತ್ತದೆ. ಹಳೆಯ ಫೈಲಿನ ಮೇಲೆ ಹಾಳಾದ ಫೈಲ್ ಬರೆಯುವುದನ್ನು ಅದು ತಡೆಯದು, ಅದಕ್ಕೆ ದಿನಾಂಕವಾರು ಪ್ರತಿಗಳನ್ನು ಬೇರೆಯಾಗಿ ಇಡಬೇಕು. ಕಳಿಸುವ ಕಡೆ ಗುರಿಯ ದಾರಿಯನ್ನು ‘./’ ಎಂದು ಕೊಟ್ಟರೆ ಸಾಕು, ಪೂರ್ತಿ ದಾರಿ ಬರೆದರೆ ಅದನ್ನು ಧ್ವನಿ ಫೋಲ್ಡರಿನ ಒಳಗಿನಿಂದ ಎಣಿಸಲಾಗುತ್ತದೆ.

ಕೀ ಸಾಲಿನ ಕಮಾಂಡನ್ನೂ ಎಸ್‌ಎಸ್‌ಎಚ್‌ಡಿ ಖಾತೆಯ ಶೆಲ್ಲಿನ ಮೂಲಕವೇ ಓಡಿಸುತ್ತದೆ. ಡೆಬಿಯನ್ನಿನ ಬ್ಯಾಶ್, ಎಸ್‌ಎಸ್‌ಎಚ್ ತನ್ನನ್ನು ಎಬ್ಬಿಸಿದೆ ಎಂದು ಕಂಡರೆ, ಕಮಾಂಡಿಗೂ ಮೊದಲು ‘.ಬ್ಯಾಶ್‌ಆರ್‌ಸಿ’ ಓದುತ್ತದೆ. ಬ್ಯಾಕಪ್ ಇಳಿಯುವ ಜಾಗವೇ ಹೋಮ್ ಆಗಿದ್ದರೆ ಒಂದು ‘.ಬ್ಯಾಶ್‌ಆರ್‌ಸಿ’ ಕಳಿಸಿದರಾಯಿತು, ಮುಂದಿನ ಸಂಪರ್ಕದಲ್ಲಿ ಅದರೊಳಗಿನದೆಲ್ಲ ಓಡುತ್ತದೆ. ಆದ್ದರಿಂದ ಈ ಖಾತೆಗೆ ಶೆಲ್ /ಬಿನ್/ಎಸ್‌ಎಚ್. ಡೆಬಿಯನ್ನಿನಲ್ಲಿ ಅದು ಡ್ಯಾಶ್, ಈ ಸಂದರ್ಭದಲ್ಲಿ ಯಾವ ಆರ್‌ಸಿ ಫೈಲನ್ನೂ ಓದದು. ಹೋಮ್ ಬೇರೆ ಕಡೆ, ರೂಟ್ ಒಡೆತನದಲ್ಲಿ.

ಗಿಟ್ ಮಾತ್ರ ಬೇಕಾದವರಿಗೆ ಶೆಲ್ ಆಗಿ ‘ಗಿಟ್-ಶೆಲ್’ ಕೊಟ್ಟು, ಫಾರ್ವರ್ಡಿಂಗ್ ಮುಚ್ಚಿ, ಅಷ್ಟಕ್ಕೇ ಬಿಡಬಹುದು. ಹಳೆಯ ಬರಹಗಳಲ್ಲಿ ಸಿಗುವ ‘ಆರ್‌ಎಸ್‌ಎಸ್‌ಎಚ್’ ಮಾತ್ರ ಬೇಡ. 2019ರಲ್ಲಿ ಅದರ ಕಟ್ಟು ತಪ್ಪಿಸಿಕೊಳ್ಳುವ ದೋಷಗಳು ಹೊರಬಂದವು, ನೋಡಿಕೊಳ್ಳುವವರೂ ಇಲ್ಲ.

ಮಕ್ಕಳಿಗೆ ಶೆಲ್

ಕೇರಳದ ಶಾಲೆಗಳಲ್ಲಿ ಕೈಟ್‌ನ (ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯ) ಗ್ನೂ/ಲಿನಕ್ಸ್ ಬಳಕೆಯಲ್ಲಿರುವುದರಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಟರ್ಮಿನಲ್ ಹೊಸದಲ್ಲ. ಕುತೂಹಲದಿಂದ ಎಲ್ಲವನ್ನೂ ಒತ್ತಿ ನೋಡುತ್ತಾರೆ, ನೋಡಬೇಕು ಕೂಡ. ಇವರಿಗೆ ‘ಆರ್‌ಬ್ಯಾಶ್’, ಅಂದರೆ ಕಟ್ಟುಪಾಡು ಹಾಕಿದ ಬ್ಯಾಶ್ ಶೆಲ್, ಕೊಟ್ಟರೆ ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆರ್‌ಬ್ಯಾಶ್‌ನಲ್ಲಿ ಸಿಡಿ ಇಲ್ಲ, ಪಾತ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಬದಲಿಸುವಂತಿಲ್ಲ, ಓರೆಗೆರೆ ಇರುವ ಕಮಾಂಡ್ ಹೆಸರು ನಡೆಯದು, ಫೈಲಿಗೆ ತಿರುಗಿಸಿ ಬರೆಯುವಂತಿಲ್ಲ, ಎಕ್ಸೆಕ್ ಇಲ್ಲ. ಆದರೆ ಈ ಕಟ್ಟುಗಳು ಬೀಳುವುದು ಪ್ರಾರಂಭದ ಫೈಲುಗಳನ್ನು ಓದಿದ ಮೇಲೆ. ಪಾತನ್ನು ಕುಗ್ಗಿಸುವ ಸಾಲು ‘.ಬ್ಯಾಶ್_ಪ್ರೊಫೈಲ್’ನಲ್ಲಿದ್ದರೆ, ಹೊರಗಿನಿಂದ ‘ಎಸ್‌ಎಸ್‌ಎಚ್ -ಟಿ ಮಗು1@ಸರ್ವರ್ ಬ್ಯಾಶ್’ ಎಂದಾಗ ಆ ಫೈಲ್ ಓದಲ್ಪಡುವುದೇ ಇಲ್ಲ. ಪಾತ್ ಮಾಮೂಲಿಯದೇ ಉಳಿದು ಪೂರ್ತಿ ಬ್ಯಾಶ್ ಎದ್ದುಬಿಡುತ್ತದೆ. ಆರ್‌ಬ್ಯಾಶ್ ಕೊಟ್ಟವರು ಮೊದಲು ಪರೀಕ್ಷಿಸಬೇಕಾದ ಸಾಲು ಇದೇ. ಇದನ್ನು ಮುಚ್ಚಲು ಮ್ಯಾಚ್ ಕೆಳಗೆ ‘ಫೋರ್ಸ್‌ಕಮಾಂಡ್ ಆರ್‌ಬ್ಯಾಶ್ -ಎಲ್’ ಎಂದು ಬರೆಯಬೇಕು. ಅಲ್ಲಿ /ಬಿನ್/ಆರ್‌ಬ್ಯಾಶ್ ಎಂದು ಪೂರ್ತಿ ದಾರಿ ಕೊಟ್ಟರೆ ಖಾತೆಯ ಶೆಲ್ಲಾಗಿರುವ ಆರ್‌ಬ್ಯಾಶೇ ಓರೆಗೆರೆ ಕಂಡು ನಿರಾಕರಿಸುತ್ತದೆ.

ಪಾತಿನಲ್ಲಿ /ಯುಎಸ್‌ಆರ್/ಲೋಕಲ್/ಆರ್‌ಬಿನ್ ಒಂದೇ ಇರಲಿ, ಅದರಲ್ಲಿ ಬೇಕಾದ ಕಮಾಂಡುಗಳಿಗೆ ಮಾತ್ರ ಲಿಂಕ್. ‘.ಬ್ಯಾಶ್_ಪ್ರೊಫೈಲ್’ ರೂಟ್‌ನದಾದರೆ ಸಾಲದು, ಹೋಮ್ ಫೋಲ್ಡರೂ ರೂಟ್‌ನದಾಗಬೇಕು. ಫೋಲ್ಡರ್ ಅವರದಾದರೆ ಒಳಗಿನ ಫೈಲು ಯಾರದಾದರೂ ಹೆಸರು ಬದಲಿಸಿ ತಮ್ಮದನ್ನು ಇಡಬಹುದು. ಇನ್ನು ಯಾವ ಕಮಾಂಡ್ ಕೊಡುತ್ತೀರಿ ಎಂಬುದರಲ್ಲೇ ಎಲ್ಲ ನಿಂತಿದೆ. ವಿಮ್ ಕೊಟ್ಟರೆ ಅದರೊಳಗೆ ಶೆಲ್ ಯಾವುದೆಂಬುದನ್ನು ಬದಲಿಸಿ, ಕೋಲನ್ ಮತ್ತು ಆಶ್ಚರ್ಯಸೂಚಕ ಒತ್ತಿ ಬ್ಯಾಶ್ ಎಬ್ಬಿಸಬಹುದು. ಲೆಸ್‌ನಲ್ಲಿಯೂ ಆಶ್ಚರ್ಯಸೂಚಕ ಒತ್ತಿ ಕಮಾಂಡ್ ಕೊಡಬಹುದು. ಮ್ಯಾನ್ ಕೊಟ್ಟರೆ ಅದು ಲೆಸ್ ಎಬ್ಬಿಸುತ್ತದೆ, ಗಿಟ್ ಲಾಗ್ ಕೂಡ. ಫೈಂಡ್‌ಗೆ -ಎಕ್ಸೆಕ್, ಆಕ್‌ಗೆ ಸಿಸ್ಟಂ, ಗ್ನೂ ಸೆಡ್‌ಗೆ ‘ಇ’, ಟಾರ್‌ಗೆ ಚೆಕ್‌ಪಾಯಿಂಟ್ ಆಕ್ಷನ್. ನ್ಯಾನೋ ಬದಲು ಆರ್‌ನ್ಯಾನೋ ಕೊಡಬಹುದು. ಲೆಸ್‌ಗೆ ‘ಲೆಸ್‌ಸೆಕ್ಯೂರ್=1’ ಎಂಬ ಪರಿಸರ ಚರವನ್ನು, ಹೆಸರು ಪೂರಾ ದೊಡ್ಡಕ್ಷರ, ‘ರೀಡ್‌ಓನ್ಲಿ’ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಆ ಬಾಗಿಲು ಮುಚ್ಚುತ್ತದೆ. ಆದರೆ ಪಕ್ಕದಲ್ಲೇ ‘ಎನ್ವ್’ ಕಮಾಂಡ್ ಇಟ್ಟರೆ ಆ ಚರವನ್ನು ಒರೆಸಿ ಲೆಸ್ ಎಬ್ಬಿಸುತ್ತಾರೆ. ಆರ್‌ಬಿನ್‌ನಲ್ಲಿ ನಾವೇ ಬರೆದಿಟ್ಟ ಶೆಲ್ ಸ್ಕ್ರಿಪ್ಟ್ ಓಡುವಾಗ ಕಟ್ಟುಗಳು ತಾವಾಗಿ ಕಳಚುತ್ತವೆ, ಹಾಗಾಗಿ ಅವರು ಕೊಟ್ಟ ಪದವನ್ನು ಸ್ಕ್ರಿಪ್ಟ್ ಹಾಗೆಯೇ ಓಡಿಸಿದರೆ ಮುಗಿಯಿತು.

ಇದೆಲ್ಲ ಮಾಡಿದರೂ ಒಂದು ಉಳಿಯುತ್ತದೆ. ಆರ್‌ಬ್ಯಾಶ್ ಬರೆಯುವ ತಿರುವನ್ನು ತಡೆಯುತ್ತದೆ, ಓದುವ ತಿರುವನ್ನಲ್ಲ. ಕ್ಯಾಟ್ ಇಲ್ಲದಿದ್ದರೂ ಡಾಲರ್ ಚಿಹ್ನೆ, ಆವರಣ, ಎಡಬಾಣ, ಫೈಲಿನ ಹೆಸರು ಸೇರಿಸಿ ‘ಎಕೋ’ಗೆ ಕೊಟ್ಟರೆ ಫೈಲಿನ ಒಳಗಿನದು ಪರದೆಯ ಮೇಲೆ ಬರುತ್ತದೆ. ‘ಎಕೋ /ಇಟಿಸಿ/*’ ಎಂದರೆ ಪಟ್ಟಿ ಸಿಗುತ್ತದೆ. ಎಕೋ ಶೆಲ್ಲಿನ ಒಳಗಿನದೇ ಆದ್ದರಿಂದ ಪಾತ್ ಕುಗ್ಗಿಸಿ ಪ್ರಯೋಜನವಿಲ್ಲ. ಕೊನೆಗೂ ಕಾಯುವುದು ಫೈಲಿನ ಅನುಮತಿಯೇ.

ಆರ್‌ಬ್ಯಾಶ್ ಬಗ್ಗೆ ನನ್ನ ತೀರ್ಮಾನ ಇಷ್ಟು: ಮೂರು ನಾಲ್ಕು ಕಮಾಂಡುಗಳ ನಿಗದಿತ ಕೆಲಸಕ್ಕೆ ಅದು ಸರಿ, ಕಲಿಯುವವರಿಗೆ ಅಲ್ಲ. ಮಕ್ಕಳಿಗೆ ಪೂರ್ತಿ ಬ್ಯಾಶ್ ಕೊಟ್ಟಿದ್ದೇನೆ, ಆದರೆ ಬೇರೆ ವರ್ಚುವಲ್ ಯಂತ್ರದಲ್ಲಿ. ಅಲ್ಲಿ ಪ್ರೆಸ್ಸಿನ ಫೈಲೂ ಇಲ್ಲ, ಬ್ಯಾಕಪ್ಪೂ ಇಲ್ಲ. ಹೋಮ್‌ಗಳಿಗೆ 700. ಫಾರ್ವರ್ಡಿಂಗ್ ಎಲ್ಲ ಮುಚ್ಚಿದೆ. /ಇಟಿಸಿ/ಸಿಸ್ಟಂಡಿ/ಸಿಸ್ಟಂ/ಯೂಸರ್-.ಸ್ಲೈಸ್.ಡಿ ಫೋಲ್ಡರಿನ ಒಂದು ಸಣ್ಣ .ಕಾನ್ಫ್ ಫೈಲಿನಲ್ಲಿ, ಸ್ಲೈಸ್ ಶೀರ್ಷಿಕೆಯ ಕೆಳಗೆ, ಟಾಸ್ಕ್ಸ್‌ಮ್ಯಾಕ್ಸ್=80, ಮೆಮೊರಿಮ್ಯಾಕ್ಸ್=300ಎಂ. ಸ್ಲೈಸ್, ಟಾಸ್ಕ್ಸ್, ಮೆಮೊರಿ, ಮ್ಯಾಕ್ಸ್ ಇವುಗಳ ಮೊದಲಕ್ಷರವೂ 300ರ ಮುಂದಿನ ಎಂ ಕೂಡ ದೊಡ್ಡಕ್ಷರ. ಇದು ಪ್ರತಿ ಬಳಕೆದಾರರಿಗೆ ಬೇರೆಬೇರೆಯಾಗಿ ಅನ್ವಯ, ಆ ಯಂತ್ರ ನೋಡಿಕೊಳ್ಳುವವರಿಗೂ ಸೇರಿ. ತನ್ನನ್ನೇ ತಾನು ಎಬ್ಬಿಸುತ್ತ ಹೋಗುವ ಸ್ಕ್ರಿಪ್ಟನ್ನು ಯಾರಾದರೂ ಓಡಿಸಿದರೆ 80ಕ್ಕೆ ನಿಲ್ಲುತ್ತದೆ, ಉಳಿದವರ ಪಾಠ ನಡೆಯುತ್ತಿರುತ್ತದೆ. ಕ್ರಾನ್ ಬೇಕಾದವರ ಹೆಸರನ್ನು ಮಾತ್ರ /ಇಟಿಸಿ/ಕ್ರಾನ್.ಅಲೌ ಫೈಲಿನಲ್ಲಿ ಬರೆದಿದ್ದೇನೆ. ಆ ಫೈಲ್ ಹೊಸ ಕ್ರಾನ್‌ಟ್ಯಾಬ್ ಬರೆಯುವುದನ್ನು ತಡೆಯುತ್ತದೆ, ಮೊದಲೇ ಬರೆದಿಟ್ಟದ್ದನ್ನು ನಿಲ್ಲಿಸುವುದಿಲ್ಲ.

ಬಿಟ್ಟುಹೋದವರ ಖಾತೆ

‘ಪಾಸ್‌ಡಬ್ಲ್ಯುಡಿ -ಎಲ್’ ಮಾಡಿದರೆ ಶ್ಯಾಡೋ ಫೈಲಿನಲ್ಲಿ ಪಾಸ್‌ವರ್ಡಿನ ಮುಂದೆ ಒಂದು ಆಶ್ಚರ್ಯಸೂಚಕ ಬೀಳುತ್ತದೆ, ಅಷ್ಟೇ. ಲಾಗಿನ್ ತಪಾಸಣೆಗೆ ಪಾಮ್ ಎಂಬ ವ್ಯವಸ್ಥೆ ಬಳಸುವ ಡೆಬಿಯನ್ನಿನಲ್ಲಿ ಕೀ ಇದ್ದವರು ಎಂದಿನಂತೆ ಒಳಬರುತ್ತಾರೆ. ಖಾತೆಯ ಅವಧಿಯನ್ನೇ ಮುಗಿಸಬೇಕು: ‘ಯೂಸರ್‌ಮಾಡ್ -ಇ 1 ಪೆರ್ಲ1’. 1 ಎಂದರೆ 1970ರ ಜನವರಿ 2, ಎಂದೋ ಕಳೆದ ದಿನ. ಅದರ ಜತೆಗೆ ಕೀಲಿ ಫೋಲ್ಡರಿನಿಂದ ಅವರ ಫೈಲ್ ತೆಗೆಯಿರಿ, ‘ಕ್ರಾನ್‌ಟ್ಯಾಬ್ -ಆರ್ -ಯು ಪೆರ್ಲ1’ ಕೊಡಿ. ಇಷ್ಟಾದರೂ ಆಗಲೇ ಒಳಗಿರುವವರ ಸಂಪರ್ಕ ಕಡಿಯುವುದಿಲ್ಲ, ಕಾನ್ಫಿಗ್ ಬದಲಾವಣೆಯೂ ಅವರಿಗೆ ತಾಗದು. ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್ ಪೆರ್ಲ1’ ಕೊಟ್ಟು, ಆ ಹೆಸರಿನಲ್ಲಿ ಇನ್ನೂ ಏನಾದರೂ ಓಡುತ್ತಿದೆಯೇ ಎಂದು ‘ಪಿಎಸ್ -ಯು ಪೆರ್ಲ1’ ನೋಡಿ.

ಖಾತೆಯನ್ನು ಅಳಿಸಲು ಅವಸರ ಬೇಡ. ಡಿಸ್ಕಿನಲ್ಲಿ ಫೈಲಿನ ಒಡೆಯರಾಗಿ ದಾಖಲಾಗಿರುವುದು ಹೆಸರಲ್ಲ, ಯುಐಡಿ ಅಂಕೆ. ಖಾತೆ ಅಳಿಸಿ ಆ ಅಂಕೆ ಖಾಲಿಯಾದರೆ ಮುಂದೆ ಸೇರಿಸುವ ಹೊಸಬರಿಗೆ ಅದೇ ಸಿಗಬಹುದು, ಹಳೆಯವರ ಫೈಲುಗಳೆಲ್ಲ ರಾತ್ರಿ ಬೆಳಗಾಗುವುದರೊಳಗೆ ಅವರದಾಗುತ್ತವೆ. ನಾನು ಅವಧಿ ಮುಗಿಸಿ, ನೋಲಾಗಿನ್ ಹಾಕಿ, ಸಾಲನ್ನು ಹಾಗೆಯೇ ಉಳಿಸುತ್ತೇನೆ. ಅಳಿಸಲೇಬೇಕಾದರೆ ಮೊದಲು ‘ಫೈಂಡ್ / -ಯೂಸರ್ ಪೆರ್ಲ1’ ಓಡಿಸಿ, ಸಿಕ್ಕಿದ್ದನ್ನೆಲ್ಲ ಪ್ರೆಸ್ಸಿನವರ ಒಡೆತನಕ್ಕೆ ವರ್ಗಾಯಿಸಿ, ಆಮೇಲೆ.